ಅಮೆರಿಕದ ರಾಂಚ್‌ನವರು ನಮ್ಮ ಮೇವಿನ ಆಪ್ ಯಾಕೆ ಬಳಸುತ್ತಿಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಲ್ಲಿ ಕೂತು ಅಮೆರಿಕದ ರಾಂಚ್‌ಗಳಿಗೆ, ಅಂದರೆ ದನ ಮೇಯಿಸುವ ದೊಡ್ಡ ಜಮೀನಿನವರಿಗೆ, ಆಪ್ ಮಾಡಿದ್ದೀರಿ. ಯಾವ ಹುಲ್ಲುಗಾವಲಿಗೆ ಯಾವಾಗ ದನ ಬಿಡಬೇಕು ಅಂತ ಅದು ಹೇಳುತ್ತದೆ. ಆದರೆ ಎರಡನೇ ಸಲ ಯಾರೂ ತೆರೆಯುತ್ತಿಲ್ಲ, ಅಲ್ವಾ? ಇದೇ ಕೆಲಸ ನಾನೂ ಮಾಡಿದ್ದೆ, ಇದೇ ಪೆಟ್ಟು ತಿಂದಿದ್ದೆ.

ನಮ್ಮ ಆಪ್ ಉಪಗ್ರಹದ ಚಿತ್ರ ನೋಡಿ, ಮೇವು ಜಾಸ್ತಿ ಇರುವ ಕಡೆ ಕಡುಹಸಿರು ಬಳಿಯುತ್ತಿತ್ತು. ನೆವಾಡದ ಒಬ್ಬ ರಾಂಚರ್‌ಗೆ ವಿಡಿಯೊ ಕಾಲ್‌ನಲ್ಲಿ ಖುಷಿಯಿಂದ ತೋರಿಸಿದೆ. ಎಲ್ಲಕ್ಕಿಂತ ಹಸಿರಾಗಿದ್ದ ಜಾಗ ನೋಡಿ ಅವರು "ಅದು ಚೀಟ್‌ಗ್ರಾಸ್" ಅಂದರು, ಅಷ್ಟೇ. ಹೊರಗಿನಿಂದ ಬಂದು ಹಬ್ಬಿದ ಹುಲ್ಲು ಅದು. ಚಳಿ ಮುಗಿಯುತ್ತಲೇ ಎಲ್ಲಕ್ಕಿಂತ ಮೊದಲು ಹಸಿರಾಗುತ್ತದೆ. ಬೇಸಿಗೆ ಶುರುವಾಗುವಷ್ಟರಲ್ಲಿ ಒಣಗಿ, ಚುಚ್ಚುವ ತೆನೆ ಬಿಟ್ಟು, ಬೆಂಕಿ ಹತ್ತಲು ಕಾಯುತ್ತಿರುತ್ತದೆ. ಎಳೆಯದಾಗಿದ್ದಾಗ ದನ ತಿನ್ನುತ್ತದೆ, ಆಮೇಲೆ ಕಷ್ಟ. ನಮ್ಮ ಬಣ್ಣ ನಂಬಿ ಬೇಸಿಗೆಯ ಲೆಕ್ಕ ಹಾಕಿದ್ದರೆ ಅವರ ಗತಿ?

ದೊಡ್ಡಬಳ್ಳಾಪುರದ ಹತ್ತಿರ ಇರುವ ನಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಇಟ್ಟಿದ್ದಾರೆ. "ಕಾಂಗ್ರೆಸ್ ಗಿಡಾನೂ ಹಸಿರೇ ಕಣಪ್ಪ" ಅಂದರು. ಮಾತಾಡುತ್ತಲೇ ಎತ್ತಿನ ಎಡಗಡೆ, ಪಕ್ಕೆಲುಬಿನ ಹಿಂದಿನ ಗುಳಿಗೆ ಕೈಯಿಟ್ಟು ನೋಡಿ, ಹೊಟ್ಟೆ ತುಂಬಿಲ್ಲ ಅಂತ ಒಂದು ಕಟ್ಟು ಮೇವು ಜಾಸ್ತಿ ಹಾಕಿದರು.

ಅಮೆರಿಕದ ರಾಂಚರ್‌ಗಳಿಗೂ ಇಂಥದ್ದೇ ಕಣ್ಣಿದೆ. ಸಗಣಿ ಒಣಕಲಾಗಿ, ಗಟ್ಟಿಯಾಗಿ ಬಿದ್ದರೆ ಮೇವಿನಲ್ಲಿ ಪ್ರೋಟೀನ್ ಸಾಲದು ಅಂತ ಗುರುತಿಸುತ್ತಾರೆ. ಹುಲ್ಲನ್ನು ಅರ್ಧ ಮೇಯಿಸು, ಅರ್ಧ ಬಿಡು ಅನ್ನುವ ಹಳೇ ಮಾತೂ ಅವರಲ್ಲಿದೆ. ಇವತ್ತಿನ ಹುಲ್ಲನ್ನು ನೀವು ಸುಮ್ನೆ ಅವರಿಗೇ ತೋರಿಸಬೇಡಿ.

ಅವರಿಗೆ ಕಾಣದ್ದು ಇನ್ನೂ ಬಾರದ ಮಳೆ. 2018ರಲ್ಲಿ ಅಲ್ಲಿನ ಉತ್ತರದ ಬಯಲು ಸೀಮೆಯಲ್ಲಿ ಶುರುವಾದ ಗ್ರಾಸ್‌ಕ್ಯಾಸ್ಟ್ ಅನ್ನುವ ಹುಲ್ಲಿನ ಮುನ್ಸೂಚನೆ ನೋಡಿ. ಹಂಗಾಮಿನಲ್ಲಿ ಎರಡು ವಾರಕ್ಕೊಮ್ಮೆ ಮೂರು ನಕ್ಷೆ ಕೊಡುತ್ತದೆ: ಮಳೆ ಜಾಸ್ತಿಯಾದರೆ, ವಾಡಿಕೆಯಷ್ಟಾದರೆ, ಕಡಿಮೆಯಾದರೆ ಹುಲ್ಲು ಎಷ್ಟು ಅಂತ. ಆ ಸೀಮೆಯ ಹುಲ್ಲಿಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಮಳೆಯೇ ಆಧಾರ. ಜುಲೈನಲ್ಲಿ ಎಚ್ಚರಿಕೆ ಕೊಟ್ಟರೆ ಏನು ಪ್ರಯೋಜನ? ಅಷ್ಟೊತ್ತಿಗೆ ದನ ಮಾರುವವರೆಲ್ಲ ಒಟ್ಟಿಗೆ ಸಂತೆಗೆ ಹೊರಟಿರುತ್ತಾರೆ.

ಹಾಗಾಗಿ ಮೊದಲು ಇದನ್ನು ಕೇಳಿ: ಯಾವ ತಾರೀಕಿಗೆ ಏನು ತೀರ್ಮಾನ ಮಾಡ್ತೀರಿ? ಸರ್ಕಾರಿ ಜಮೀನಿನಲ್ಲಿ ಮೇಯಿಸುವವರಿಗೆ ಎಷ್ಟು ದನ, ಯಾವಾಗಿಂದ ಯಾವಾಗಿನವರೆಗೆ ಅಂತ ಪರ್ಮಿಟ್‌ನಲ್ಲೇ ಬರೆದಿರುತ್ತದೆ. "ನಾಳೆಯೇ ದನವನ್ನು ಬೇರೆ ಹುಲ್ಲುಗಾವಲಿಗೆ ಬಿಡಿ" ಅಂತ ನಿಮ್ಮ ಆಪ್ ಹೇಳಿದರೆ ಅವರು ಹೇಗೆ ಬಿಡುತ್ತಾರೆ? ಇನ್ನು, ನೆಟ್‌ವರ್ಕ್ ಇಲ್ಲದ ಕಡೆಯೂ ಆಪ್ ತೆರೆಯಬೇಕು. ಅಲ್ಲಿನ ರೈತರ ಸರಾಸರಿ ವಯಸ್ಸು 58, ಅಕ್ಷರ ದೊಡ್ಡದಿರಲಿ.

ನಾವು ಕೊನೆಗೆ ಹದಿನಾಲ್ಕು ಗ್ರಾಫ್ ಕಿತ್ತುಹಾಕಿ, ಎರಡು ವಾರಕ್ಕೊಂದು ಮೆಸೇಜ್ ಮಾತ್ರ ಕಳಿಸತೊಡಗಿದೆವು. ಮೂರೇ ಸಾಲು. ತಿಂಗಳಾದ ಮೇಲೆ ನೆವಾಡದ ಅದೇ ಮನುಷ್ಯ ಬೂಟಿನ ಪಕ್ಕ ನಿಂತ ಹುಲ್ಲಿನ ಫೋಟೊ ಕಳಿಸಿ, ಇಲ್ಲಿ ನಿಮ್ಮ ಲೆಕ್ಕ ತಪ್ಪು ಅಂತ ಬರೆದರು. ಅವರು ಓದುತ್ತಿದ್ದಾರೆ ಅಂತ ನಮಗೆ ಗೊತ್ತಾಗಿದ್ದೇ ಆಗ.