ಬಿಎಸ್‌ಸಿ ಪಿಎ ಮುಗಿಸಿದವರು ಅಮೆರಿಕದ ಪಿಎ-ಸಿ ಪರೀಕ್ಷೆ ನೇರವಾಗಿ ಬರೆಯಬಹುದಾ? ಸರ್ಟಿಫಿಕೇಟ್ ಒಮ್ಮೆ ಸಿಕ್ಕರೆ ಸಾಕಾ?

ನೇರವಾಗಿ ಬರೆಯಲು ಆಗುವುದಿಲ್ಲ. ನೀವು ಹಾವೇರಿಯವರು, ಬೆಂಗಳೂರಿನಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ (ಪಿಎ), ಅಂದರೆ ವೈದ್ಯರ ಸಹಾಯಕರಾಗಿ ರೋಗಿಗಳನ್ನು ನೋಡಿಕೊಳ್ಳುವವರ ಬಿಎಸ್‌ಸಿ ಮುಗಿಸಿದ್ದೀರಿ. ದುಡ್ಡು ಕೊಟ್ಟರೆ ಅದೇ ಡಿಗ್ರಿಯನ್ನು ಪಿಎ-ಸಿ (ಅಮೆರಿಕದ ಸರ್ಟಿಫಿಕೇಟ್ ಪಡೆದ ಪಿಎ) ಮಾಡಿಸಿಕೊಡುತ್ತೇವೆ ಅಂತ ಹುಬ್ಬಳ್ಳಿಯಲ್ಲಿ ಯಾರೋ ಹೇಳಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಂಥ ದಾರಿಯೇ ಇಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಅಮೆರಿಕಕ್ಕೆ ಹೋದೆ, ಅಲ್ಲೇ ಪಿಎ ಓದಿ ಕೆಲಸ ಮಾಡಿದೆ. ಈಗ ಅಪ್ಪ-ಅವ್ವನನ್ನು ನೋಡಿಕೊಳ್ಳಲು ಸಪ್ತಾಪುರದ ಮನೆಯಲ್ಲಿದ್ದೇನೆ. ಸರ್ಟಿಫಿಕೇಟ್ ಮಾತ್ರ ಬಿಟ್ಟಿಲ್ಲ, ಇಲ್ಲಿ ಕೂತೇ ಅದನ್ನು ಉಳಿಸಿಕೊಳ್ಳುತ್ತಿದ್ದೇನೆ.

ಅಲ್ಲಿ ಡಿಗ್ರಿ ಬೇರೆ, ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ. ಡಿಗ್ರಿ ಕೊಡುವುದು ಕಾಲೇಜು. ಆ ಕಾಲೇಜಿನ ಪಿಎ ಕೋರ್ಸಿಗೆ ಎಆರ್‌ಸಿ-ಪಿಎ ಎಂಬ ಸಂಸ್ಥೆಯ ಮಾನ್ಯತೆ ಇರಬೇಕು. ಸರ್ಟಿಫಿಕೇಟ್ ಕೊಡುವುದು ಎನ್‌ಸಿಸಿಪಿಎ. ಅವರ ಪ್ಯಾನ್ಸ್ ಪರೀಕ್ಷೆಗೆ ಕೂರಲು ಮಾನ್ಯತೆ ಇರುವ ಕೋರ್ಸನ್ನೇ ಮುಗಿಸಿರಬೇಕು. ನಮ್ಮ ದೇಶದ ಪಿಎ ಕೋರ್ಸುಗಳು ಆ ಪಟ್ಟಿಯಲ್ಲಿಲ್ಲ. ನಿಮ್ಮ ಓದಿನಲ್ಲಿ ಏನೋ ಕೊರತೆ ಇದೆ ಅಂತ ಇದರ ಅರ್ಥವಲ್ಲ. ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಡಾ. ಕೆ.ಎಂ. ಚೆರಿಯನ್ ಅವರು 1992ರಲ್ಲೇ ಪಿಎ ಕೋರ್ಸನ್ನು ಶುರು ಮಾಡಿದರು. ಹೃದಯದ ಆಪರೇಷನ್‌ನಲ್ಲಿ ಕಾಲಿನ ರಕ್ತನಾಳ ಬಿಡಿಸಿ ಕೊಡುವಂಥ ನಾಜೂಕಿನ ಕೆಲಸವನ್ನು ನಮ್ಮ ಪಿಎಗಳು ಮಾಡುತ್ತಾರೆ. ಆದರೂ ನಿಯಮ ನಿಯಮವೇ. ಮೂರನೆಯದಾದ ಲೈಸೆನ್ಸ್ ಆಯಾ ರಾಜ್ಯದ್ದು. ಅದಿಲ್ಲದೆ ರೋಗಿಯನ್ನು ನೋಡುವಂತಿಲ್ಲ.

ಹಾಗಾಗಿ ಹೋಗಲೇಬೇಕು ಅಂತಿದ್ದರೆ ಅಲ್ಲಿ ಮತ್ತೆ ಓದಬೇಕು. ಸಾಮಾನ್ಯವಾಗಿ ಎರಡು ವರ್ಷದ ಮೇಲೆ ಕೆಲವು ತಿಂಗಳಾಗುತ್ತದೆ. ಖರ್ಚು ಜಾಸ್ತಿ, ಅಲ್ಲಿನ ಸರ್ಕಾರದ ವಿದ್ಯಾರ್ಥಿ ಸಾಲ ವೀಸಾ ಮೇಲೆ ಹೋದವರಿಗೆ ಸಿಗುವುದಿಲ್ಲ. ಎಷ್ಟೋ ಕಾಲೇಜುಗಳು ಅಲ್ಲಿನ ಪ್ರಜೆಗಳನ್ನು, ಗ್ರೀನ್ ಕಾರ್ಡ್ ಇದ್ದವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ನನಗೆ ಗ್ರೀನ್ ಕಾರ್ಡ್ ಇತ್ತು. ಅದು ಇಲ್ಲದಿದ್ದರೆ ನನ್ನ ದಾರಿಯೂ ಇಷ್ಟು ಸಲೀಸಾಗಿರುತ್ತಿರಲಿಲ್ಲ.

ಪ್ಯಾನ್ಸ್ ಅಂದರೆ 300 ಪ್ರಶ್ನೆ, 5 ಗಂಟೆ. ಒಂದು ಗಂಟೆಗೆ 60ರಂತೆ ಐದು ಕಂತು. ಅಂಕ 200ರಿಂದ 800ರವರೆಗೆ, 350 ಬಂದರೆ ಪಾಸ್. ಡಿಗ್ರಿ ಮುಗಿದ ಮೇಲೆ 6 ವರ್ಷದೊಳಗೆ 6 ಸಲ ಬರೆಯಬಹುದು. ಎಲ್ಲಕ್ಕಿಂತ ಹೆಚ್ಚು ಪ್ರಶ್ನೆ ಬರುವುದು ಹೃದಯ ಮತ್ತು ರಕ್ತನಾಳದ ಮೇಲೆ. ನನ್ನ ಅನುಭವದಲ್ಲಿ ಬಾಯಿಪಾಠದಿಂದ ಇದು ದಾಟುವುದಿಲ್ಲ. ರೋಗಿಯ ವಯಸ್ಸು, ತೊಂದರೆ, ರಿಪೋರ್ಟು ಎಲ್ಲ ಮುಂದಿಟ್ಟು, ಈಗ ನೀವು ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ವಾರ್ಡಿನಲ್ಲಿ ಕಣ್ಣು ಬಿಟ್ಟುಕೊಂಡು ಓಡಾಡಿದವರಿಗೆ ಉತ್ತರ ಹೊಳೆಯುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸರ್ಟಿಫಿಕೇಟ್ ಜೀವನಪೂರ್ತಿ ಇರುವುದಿಲ್ಲ, ಇರಲೂಬಾರದು ಅನ್ನುವವಳು ನಾನು. ಹತ್ತು ವರ್ಷದ ಹಿಂದಿನ ಸಕ್ಕರೆ ಕಾಯಿಲೆಯ ಚಿಕಿತ್ಸೆಯನ್ನೇ ಇವತ್ತೂ ಕೊಟ್ಟರೆ ರೋಗಿಗೆ ಅನ್ಯಾಯ ಅಲ್ವಾ? ಎರಡು ವರ್ಷಕ್ಕೊಮ್ಮೆ 100 ಸಿಎಂಇ ಕ್ರೆಡಿಟ್, ಅಂದರೆ ಓದು ಮುಗಿದ ಮೇಲೂ ಮುಂದುವರಿಸುವ ವೈದ್ಯಕೀಯ ಕಲಿಕೆಯ ಅಂಕ, ತೋರಿಸಬೇಕು. ಅದರಲ್ಲಿ ಕನಿಷ್ಠ 50 ಮೊದಲ ದರ್ಜೆಯವು, ಅಂದರೆ ಮಾನ್ಯತೆ ಪಡೆದ ಕಾರ್ಯಕ್ರಮಗಳಿಂದ ಬಂದವು ಆಗಿರಬೇಕು. ಸಂಜೆ ಅವ್ವನಿಗೆ ಮಾತ್ರೆ ಕೊಟ್ಟು ಮುಗಿಸಿ ನಾನು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಒಂದು ಪಾಠ ಓದಿ, ಅದರ ಕೊನೆಯ ಪ್ರಶ್ನೆಗಳಿಗೆ ಉತ್ತರಿಸಿದರೆ ಕ್ರೆಡಿಟ್ ಬರುತ್ತದೆ. ಆ ಪ್ರಮಾಣಪತ್ರವನ್ನು ಆವತ್ತೇ ಸೇವ್ ಮಾಡಿ ಇಟ್ಟುಬಿಡುತ್ತೇನೆ, ಯಾಕೆಂದರೆ ಕೆಲವರನ್ನು ಆರಿಸಿ ದಾಖಲೆ ಕೇಳುತ್ತಾರೆ. ಡಿಸೆಂಬರ್ 31ರ ಗಡುವು ಬರುವವರೆಗೆ ಎಲ್ಲವನ್ನೂ ಬಾಕಿ ಇಟ್ಟರೆ ಓದಿದ್ದೊಂದೂ ತಲೆಯಲ್ಲಿ ನಿಲ್ಲುವುದಿಲ್ಲ.

ಹತ್ತು ವರ್ಷದ ಅವಧಿ ಮುಗಿಯುವ ಹೊತ್ತಿಗೆ ಮತ್ತೆ ಪರೀಕ್ಷೆಯೂ ಇದೆ. ಒಂದೇ ದಿನ ಕೂತು ಬರೆಯಬಹುದು. ಇಲ್ಲವೇ 2023ರಿಂದ ಬಂದಿರುವ ಪ್ಯಾನ್ರೆ-ಎಲ್‌ಎ ಎಂಬ ಇನ್ನೊಂದು ಬಗೆಯ ಪರೀಕ್ಷೆ ತೆಗೆದುಕೊಳ್ಳಬಹುದು. ಇದರಲ್ಲಿ ಮೂರು ತಿಂಗಳಿಗೆ 25 ಪ್ರಶ್ನೆ, ಪ್ರತಿ ಪ್ರಶ್ನೆಗೆ 5 ನಿಮಿಷ. ಪುಸ್ತಕ ತೆಗೆದು ನೋಡಬಹುದು, ಇನ್ನೊಬ್ಬರನ್ನು ಕೇಳುವಂತಿಲ್ಲ. ಉತ್ತರ ಒತ್ತಿದ ಕೂಡಲೇ ಸರಿಯೋ ತಪ್ಪೋ, ಯಾಕೆ ಅನ್ನುವುದೂ ತೆರೆಯ ಮೇಲೆ ಬರುತ್ತದೆ. ಕಲಿಯುವ ಮನಸ್ಸಿದ್ದವರಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ನಾನು ಕಂಡಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಇಲ್ಲೇ ಕೆಲಸಕ್ಕೆ ಸೇರುತ್ತಿದ್ದೆ. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಪಟ್ಟಿಯಲ್ಲಿ ಫಿಸಿಷಿಯನ್ ಅಸೋಸಿಯೇಟ್ ಅಂತ ನಮ್ಮ ಕೆಲಸದ ಹೆಸರಿದೆ. ಅದರ ಪ್ರಕಾರ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳುವುದನ್ನು ಮುಂದೂಡಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಐಸಿಯು ಇರುವ ಕಡೆ ಕೇಳಿ. ಕೆಲಸ ಮಾಡಿದ ಗಂಟೆಗಳು, ಏನೇನು ಮಾಡಿದಿರಿ ಅನ್ನುವುದನ್ನು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿಸಿ ಇಟ್ಟುಕೊಳ್ಳಿ. ಮುಂದೆ ಅಲ್ಲಿನ ಕಾಲೇಜಿಗೆ ಅರ್ಜಿ ಹಾಕಿದರೆ ರೋಗಿಗಳ ಜೊತೆ ಕೆಲಸ ಮಾಡಿದ ಅನುಭವ ಕೇಳುತ್ತಾರೆ. ಎಆರ್‌ಸಿ-ಪಿಎ ವೆಬ್‌ಸೈಟಿನಲ್ಲಿ ಮಾನ್ಯತೆ ಇರುವ ಕೋರ್ಸುಗಳ ಪಟ್ಟಿ ಸಿಗುತ್ತದೆ. ಇಷ್ಟವಾದ ಕಾಲೇಜುಗಳಿಗೆ ನೀವೇ ಇಮೇಲ್ ಮಾಡಿ: ಬೇರೆ ದೇಶದವರನ್ನು ಸೇರಿಸಿಕೊಳ್ಳುತ್ತೀರಾ, ಭಾರತದ ಡಿಗ್ರಿ ಮತ್ತು ಅನುಭವ ನಡೆಯುತ್ತದಾ? ಅದಕ್ಕೆ ಏಜೆಂಟ್ ಬೇಕಿಲ್ಲ.