ಹಳೆ ಲ್ಯಾಪ್‌ಟಾಪ್‌ನಲ್ಲಿ ಹೋಮ್ ಸರ್ವರ್: ಈ ಹುಚ್ಚು ಹತ್ತುವುದು ಯಾಕೆ?

ನೀವು ಕೇಳಿದ್ದು ಇದು: ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಒಂದಿದೆ, ವಿಂಡೋಸ್ 11 ಅದರಲ್ಲಿ ಹಾಕಲು ಬರುವುದಿಲ್ಲ, ಎಸೆಯಲು ಮನಸ್ಸಿಲ್ಲ. ಹೋಮ್ ಸರ್ವರ್ (ಮನೆಯಲ್ಲೇ ಸದಾ ಓಡುತ್ತಾ ಬೇರೆ ಸಾಧನಗಳಿಗೆ ಸೇವೆ ಕೊಡುವ ಕಂಪ್ಯೂಟರ್) ಶುರು ಮಾಡಿದವರೆಲ್ಲ ಅದರಲ್ಲೇ ಮುಳುಗಿ ಹೋಗುವುದು ಯಾಕೆ, ಅದರಿಂದ ನಿಜವಾಗಿ ಉಪಯೋಗ ಇದೆಯಾ, ಇದ್ದರೆ ಎಲ್ಲಿಂದ ಶುರು ಮಾಡಬೇಕು?

ಉಪಯೋಗ ಇದೆ. ಲ್ಯಾಪ್‌ಟಾಪ್ ಎಸೆಯಬೇಡಿ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ 2.0 (ಭದ್ರತೆಗಾಗಿ ಇರುವ ಚಿಪ್) ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಹಾಗಾಗಿ ಚೆನ್ನಾಗಿ ಓಡುವ ಎಷ್ಟೋ ಯಂತ್ರಗಳು ಸುಮ್ನೆ ಮೂಲೆ ಸೇರಿವೆ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್‌ಗೆ ಇದ್ಯಾವುದೂ ಬೇಡ. ಐಕಾನ್, ಮೆನುಗಳಿರುವ ಡೆಸ್ಕ್‌ಟಾಪ್ ಪರದೆ ಇಲ್ಲದೆ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿದರೆ ಕೆಲವು ನೂರು ಎಂಬಿ ರ್ಯಾಮ್‌ನಲ್ಲಿ ಆರಾಮಾಗಿ ಇರುತ್ತದೆ. ಸ್ಕ್ರೀನ್ ಒಡೆದಿದ್ದರೂ, ನಾಲ್ಕು ಕೀ ಕಿತ್ತುಹೋಗಿದ್ದರೂ ಪರವಾಗಿಲ್ಲ, ಯಾಕೆಂದರೆ ಇನ್‌ಸ್ಟಾಲ್ ಆದಮೇಲೆ ನೀವು ಅದರ ಮುಂದೆ ಕೂರುವುದೇ ಇಲ್ಲ. ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಆಜ್ಞೆ ಕೊಡುವ ವಿಧಾನ) ಮೂಲಕ ಒಳಗೆ ಹೋಗುತ್ತೀರಿ.

ಈಗ ಹುಚ್ಚಿನ ವಿಷಯ. ಹಾರ್ಡ್‌ವೇರ್ ಮೋಹ ಎಲ್ಲರಿಗೂ ಸ್ವಲ್ಪ ಇರುತ್ತದೆ. ಹಳೆ ಯಂತ್ರ ಬಿಚ್ಚಿ, ಫ್ಯಾನ್‌ನ ಧೂಳು ತೆಗೆದು, ಒಣಗಿ ಕಲ್ಲಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ, ತಿರುಗುವ ಹಾರ್ಡ್ ಡಿಸ್ಕ್ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿ ಆನ್ ಮಾಡಿದಾಗ ಅದು ಸದ್ದಿಲ್ಲದೆ ಎದ್ದು ನಿಲ್ಲುತ್ತದಲ್ಲ, ಅದರ ಖುಷಿಯೇ ಬೇರೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಪೈ-ಹೋಲ್‌ನ ಲಾಗ್, ಅಂದರೆ ಅದು ಬರೆದಿಡುವ ದಾಖಲೆ.

ಪೈ-ಹೋಲ್ ಅನ್ನುವುದು ಮನೆಗೆಲ್ಲ ಒಂದೇ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆ) ಸರ್ವರ್ ಆಗಿ ಕೆಲಸ ಮಾಡುವ ಸಾಫ್ಟ್‌ವೇರ್. ಹೆಸರಿನಲ್ಲಿ ರಾಸ್ಪ್‌ಬೆರಿ ಪೈ ಇದ್ದರೂ ಯಾವ ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಮನೆಯ ಯಾವುದೇ ಸಾಧನ ಹೊರಗಿನ ಒಂದು ಸರ್ವರ್ ಜೊತೆ ಮಾತಾಡಬೇಕಾದರೆ ಮೊದಲು ಅದರ ಹೆಸರು ಹೇಳಿ ವಿಳಾಸ ಕೇಳುತ್ತದೆ. 1983ಕ್ಕೆ ಮುಂಚೆ ಇಡೀ ನೆಟ್‌ವರ್ಕ್‌ನ ಹೆಸರುಗಳೆಲ್ಲ ಒಂದೇ ಪಠ್ಯ ಫೈಲಿನಲ್ಲಿ ಇದ್ದವು, ಪ್ರತಿಯೊಬ್ಬರೂ ಅದನ್ನು ಇಳಿಸಿಕೊಳ್ಳಬೇಕಿತ್ತು. ಆ ಫೈಲಿನ ಮೊಮ್ಮಗ ಇವತ್ತಿಗೂ ನಿಮ್ಮ ಕಂಪ್ಯೂಟರ್ ಒಳಗೆ ಹೋಸ್ಟ್ಸ್ ಅನ್ನುವ ಹೆಸರಿನಲ್ಲಿ ಕೂತಿದೆ, ತೆಗೆದು ನೋಡಿ. 1983ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪಾಲ್ ಮೋಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಅಲ್ಲಿಂದ ಈ ಕೇಳುವ ಕೆಲಸ ಶುರುವಾಯಿತು. ರೂಟರ್‌ನಲ್ಲಿ ಡಿಎನ್‌ಎಸ್ ವಿಳಾಸ ಬದಲಿಸಿ ನಿಮ್ಮ ಲ್ಯಾಪ್‌ಟಾಪ್‌ನದ್ದು ಕೊಟ್ಟರೆ ಸಾಕು, ಈ ಪ್ರಶ್ನೆಗಳು ನಿಮ್ಮ ಯಂತ್ರಕ್ಕೆ ಬರತೊಡಗುತ್ತವೆ.

ಆಗ ಲಾಗ್ ತೆರೆದು ನೋಡಬೇಕು. ಯಾರೂ ನೋಡದೆ ಸುಮ್ಮನಿರುವ ಟಿವಿ ರಾತ್ರಿಯೆಲ್ಲ ಯಾವುದೋ ಹೆಸರುಗಳನ್ನು ಕೇಳುತ್ತಿರುತ್ತದೆ. ಫೋನಿನ ಟಾರ್ಚ್ ಆ್ಯಪ್ ಜಾಹೀರಾತು ಕಂಪನಿಯ ವಿಳಾಸ ಕೇಳುತ್ತದೆ. ನನಗೆ ಇದನ್ನು ಮೊದಲು ನೋಡಿದಾಗ ಕುರ್ಚಿ ಬಿಟ್ಟು ಏಳಲು ಆಗಲಿಲ್ಲ. ಇಷ್ಟು ವರ್ಷ ಇಂಟರ್‌ನೆಟ್ ಬಳಸಿ, ಮನೆಯೊಳಗಿನಿಂದ ಏನು ಹೊರಗೆ ಹೋಗುತ್ತಿದೆ ಅನ್ನುವುದೇ ಗೊತ್ತಿರಲಿಲ್ಲ. ಪಟ್ಟಿಯಲ್ಲಿರುವ ಜಾಹೀರಾತು ಹೆಸರುಗಳಿಗೆ ಪೈ-ಹೋಲ್ 0.0.0.0 ಅಂತ ಉತ್ತರ ಕೊಡುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಯೂಟ್ಯೂಬ್ ಜಾಹೀರಾತು ಇದರಿಂದ ನಿಲ್ಲುವುದಿಲ್ಲ. ವಿಡಿಯೋ ಬರುವ ಜಾಗದಿಂದಲೇ ಜಾಹೀರಾತೂ ಬರುತ್ತದೆ, ಹೆಸರು ನೋಡಿ ಬೇರ್ಪಡಿಸಲು ಆಗದು.

ಇಲ್ಲಿ ಇನ್ನೊಂದು ಸಂಗತಿ ಇದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ. ಪೈ-ಹೋಲ್ ಓಡುವ ಯಂತ್ರ ಆಫ್ ಆದರೆ ಮನೆಯವರಿಗೆಲ್ಲ "ನೆಟ್ ಹೋಯಿತು". ಆ ಕ್ಷಣದಿಂದ ಅದು ನಿಮ್ಮ ಆಟದ ಸಾಮಾನಾಗಿ ಉಳಿಯುವುದಿಲ್ಲ. ಫೋಟೋ ಬ್ಯಾಕಪ್ ಹಾಕಿದರೂ ಅಷ್ಟೇ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಾಗ ತುಂಬಾ ಜನ ಸ್ವಂತ ಜಾಗ ಹುಡುಕಲು ಶುರು ಮಾಡಿದರು. ಈಗ ಇಮ್ಮಿಚ್ ಅನ್ನುವ ಸಾಫ್ಟ್‌ವೇರ್ ಇದೆ, ಫೋನಿನ ಫೋಟೋ ತಾನಾಗಿಯೇ ನಿಮ್ಮ ಸರ್ವರ್‌ಗೆ ಬರುತ್ತದೆ, ಮುಖ ಗುರುತಿಸುವ ಕೆಲಸವೂ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ನಿಮ್ಮ ಸರ್ವರ್ ನಂಬಿ ಮನೆಯವರು ಫೋನಿನಿಂದ ಫೋಟೋ ಅಳಿಸಲು ಶುರು ಮಾಡಿದರು ಅಂದರೆ ಜವಾಬ್ದಾರಿ ಪೂರ್ತಿ ನಿಮ್ಮದು. ನನಗೆ ಈ ಜವಾಬ್ದಾರಿಯೇ ಇಷ್ಟ. ಹುಚ್ಚು ಹಿಡಿದದ್ದು ಲಾಗ್‌ನಿಂದ, ಆದರೆ ಇನ್ನೂ ಬಿಡದೆ ಇರುವುದು ಇದರಿಂದ.

ಅದಕ್ಕೇ ನನ್ನ ಒಂದು ಕಟ್ಟುನಿಟ್ಟಿನ ನಿಯಮ: ಎರಡು ಯಂತ್ರ ಇಟ್ಟುಕೊಳ್ಳಿ. ಒಂದು ಮನೆಯವರು ನಂಬುವ ಯಂತ್ರ, ಅದನ್ನು ಸುಮ್ಮಸುಮ್ಮನೆ ಮುಟ್ಟುವ ಹಾಗಿಲ್ಲ. ಇನ್ನೊಂದು ಕೆಡಿಸಲು. ಹೊಸದೇನೇ ಕಂಡರೂ ಎರಡನೆಯದರಲ್ಲಿ ಹಾಕಿ, ಒಡೆಯಿರಿ, ಅಳಿಸಿ, ಮತ್ತೆ ಹಾಕಿ. ಎರಡನೆಯದು ಎಷ್ಟೇ ಹಳೆಯದಾದರೂ ನಡೆಯುತ್ತದೆ, 64 ಬಿಟ್ ಆಗಿದ್ದರೆ ಸಾಕು. 2025ರಲ್ಲಿ ಬಂದ ಡೆಬಿಯನ್ 13ರಿಂದ ಹಳೆ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ.

ವಿದ್ಯುತ್ ಲೆಕ್ಕ ಹಾಕದೆ ಮುಂದೆ ಹೋಗಬೇಡಿ. 1 ವ್ಯಾಟ್ ವರ್ಷಪೂರ್ತಿ ಉರಿದರೆ 8.76 ಯೂನಿಟ್. ಕೆಲಸವಿಲ್ಲದೆ ಕೂತಾಗ 10 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ವರ್ಷಕ್ಕೆ ಸುಮಾರು 88 ಯೂನಿಟ್ ತಿನ್ನುತ್ತದೆ. 70 ವ್ಯಾಟ್ ಎಳೆಯುವ ಹಳೆ ಡೆಸ್ಕ್‌ಟಾಪ್ ಆದರೆ 613. ಪೆಂಟಿಯಂ 4 ಕಾಲದ ಪೆಟ್ಟಿಗೆಯನ್ನು 24 ಗಂಟೆ ಓಡಿಸುವುದರಲ್ಲಿ ಅರ್ಥವೇ ಇಲ್ಲ, ಅದರಲ್ಲಿ ಕೆಲವು ಪ್ರೊಸೆಸರ್‌ಗಳಿಗೇ 115 ವ್ಯಾಟ್ ಇತ್ತು. ಅದನ್ನು ಬಿಚ್ಚಿ ಕಲಿಯಲು ಇಟ್ಟುಕೊಳ್ಳಿ. ಕಂಪನಿಗಳು ಬಿಸಾಡಿದ ರ್ಯಾಕ್ ಸರ್ವರ್ ನೋಡಿ ಆಸೆಪಡುವವರಿಗೂ ಇದೇ ಮಾತು. ಅದರ ಫ್ಯಾನ್ ಸದ್ದಿಗೆ ಮನೆಯಲ್ಲಿ ಇರಲು ಆಗುವುದಿಲ್ಲ.

ಲ್ಯಾಪ್‌ಟಾಪ್‌ಗೆ ಇನ್ನೊಂದು ಲಾಭ, ಬ್ಯಾಟರಿ ಸರಿ ಇದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್. ಆದರೆ ಹಳೆ ಬ್ಯಾಟರಿ ಉಬ್ಬಿದೆಯಾ ಅಂತ ಮೊದಲು ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಸರಿಯಾಗಿ ಕೂರದಿದ್ದರೆ ಅನುಮಾನ ಪಡಿ. ಉಬ್ಬಿದ್ದರೆ ಆನ್ ಮಾಡಲೇಬೇಡಿ, ಚುಚ್ಚಬೇಡಿ, ಒತ್ತಬೇಡಿ, ಗೊತ್ತಿರುವವರ ಕೈಯಲ್ಲಿ ತೆಗೆಸಿ. ಸರಿ ಇದ್ದರೂ ಸದಾ 100% ಚಾರ್ಜ್‌ನಲ್ಲಿ ಇಡುವುದು ಒಳ್ಳೆಯದಲ್ಲ, ಕೆಲವು ಮಾಡೆಲ್‌ಗಳಲ್ಲಿ 80%ಗೆ ನಿಲ್ಲಿಸುವ ಸೆಟಿಂಗ್ ಇರುತ್ತದೆ, ಹುಡುಕಿ. ಮುಚ್ಚಳ ಮುಚ್ಚಿದ ತಕ್ಷಣ ಯಂತ್ರ ಮಲಗಿಬಿಡದ ಹಾಗೆ ಲಾಗಿನ್‌ಡಿ ಕಾನ್ಫಿಗ್ ಫೈಲಿನಲ್ಲಿ (ಸೆಟಿಂಗ್ ಬರೆದಿಡುವ ಫೈಲ್, logind.conf) ಹ್ಯಾಂಡಲ್ ಲಿಡ್ ಸ್ವಿಚ್ ಸಾಲಿಗೆ ಇಗ್ನೋರ್ ಅಂತ ಬರೆಯಬೇಕು.

ಡಿಸ್ಕ್ ವಿಷಯದಲ್ಲಿ ಯಾರನ್ನೂ ನಂಬಬೇಡಿ. ಸ್ಮಾರ್ಟ್‌ಸಿಟಿಎಲ್ ಅನ್ನುವ ಆಜ್ಞೆ ಕೊಟ್ಟರೆ ಡಿಸ್ಕ್ ತನ್ನ ಆರೋಗ್ಯದ ವಿವರ ಹೇಳುತ್ತದೆ. ಹಾರ್ಡ್ ಡಿಸ್ಕ್ ಆದರೆ ಅದರಲ್ಲಿ 5 ಮತ್ತು 197ನೇ ಸಾಲು ನೋಡಿ. 5 ಅಂದರೆ ಕೆಟ್ಟುಹೋಗಿ ಬದಲಾದ ಸೆಕ್ಟರ್‌ಗಳು, 197 ಅಂದರೆ ಓದಲು ಕಷ್ಟವಾಗಿ ಕಾಯುತ್ತಿರುವವು. ಈ ಸಂಖ್ಯೆಗಳು ಏರುತ್ತಿದ್ದರೆ ಮೊದಲು ಡೇಟಾ ಬೇರೆ ಕಡೆ ನಕಲು ಮಾಡಿ, ಆಮೇಲೆ ಉಳಿದದ್ದು ಯೋಚಿಸಿ. ಎರಡು ಡಿಸ್ಕ್ ಹಾಕಿ ರೇಡ್ (ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿಯೇ ಬರುವ ಜೋಡಣೆ) ಮಾಡಿದೆ, ಇನ್ನು ಬ್ಯಾಕಪ್ ಬೇಡ ಅನ್ನುವವರ ಮಾತು ಕೇಳಬೇಡಿ. ನೀವು ಒಂದು ಫೋಲ್ಡರ್ ಅಳಿಸಿದರೆ ಮಿರರ್ ಮಾಡಿದ ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಮತ್ತು ಆಗಾಗ ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತೆಗೆದು ತೆರೆದು ನೋಡಿ, ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಹೊರಗಿನಿಂದ ಸರ್ವರ್ ಮುಟ್ಟುವ ಆಸೆ ಬೇಗ ಬರುತ್ತದೆ. ರೂಟರ್‌ನಲ್ಲಿ ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದು ಇಡುವುದು ಮಾತ್ರ ಬೇಡ, ತೆರೆದ ಪೋರ್ಟ್ ಹುಡುಕುವ ಬಾಟ್‌ಗಳು ದಿನವಿಡೀ ಬಾಗಿಲು ತಟ್ಟುತ್ತಿರುತ್ತವೆ. ವೈರ್‌ಗಾರ್ಡ್ ಅನ್ನುವ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ) ಬಳಸಿ, ಅದು 2020ರಿಂದ ಲಿನಕ್ಸ್ ಕರ್ನಲ್ ಒಳಗೇ ಇದೆ. ನಿಮ್ಮ ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಅಂತ ಅರ್ಥ, ಆಗ ಪೋರ್ಟ್ ತೆರೆದರೂ ಕೆಲಸ ಆಗುವುದಿಲ್ಲ. ಅಂಥಲ್ಲಿ ಪೋರ್ಟ್ ತೆರೆಯದೆ ನಡೆಯುವ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ಸುಲಭ.

ಎಲ್ಲಿಂದ ಶುರು? ಮೊದಲು ಡೆಬಿಯನ್, ಆಮೇಲೆ ಎಸ್‌ಎಸ್‌ಎಚ್, ಆಮೇಲೆ ಸಾಂಬಾ ಹಾಕಿ ಒಂದು ಫೋಲ್ಡರ್ ಮನೆಯ ಎಲ್ಲ ಕಂಪ್ಯೂಟರ್‌ಗೂ ಕಾಣುವ ಹಾಗೆ ಮಾಡಿ. ಅಷ್ಟು ಸಾಕು ಮೊದಲ ವಾರಕ್ಕೆ. ಎಲ್ಲರೂ ಡಾಕರ್‌ನಿಂದ (ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ್ದರ ಸಮೇತ ಪೊಟ್ಟಣ ಕಟ್ಟಿ ಓಡಿಸುವ ಸಾಧನ) ಶುರು ಮಾಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಒಂದೆರಡು ಸೇವೆಗಳನ್ನು ಕೈಯಿಂದಲೇ ಹಾಕಿದರೆ ಕಾನ್ಫಿಗ್ ಫೈಲ್ ಎಲ್ಲಿ ಕೂರುತ್ತದೆ, ಲಾಗ್ ಎಲ್ಲಿ ಓದಬೇಕು, ಯಾವ ಪೋರ್ಟ್ ಯಾರ ಹತ್ತಿರ ಇದೆ ಅನ್ನುವುದು ತಲೆಗೆ ಹೋಗುತ್ತದೆ. ಆಮೇಲೆ ಡಾಕರ್ ಹಾಕಿದಾಗ ಅದು ಯಾವ ತೊಂದರೆ ತಪ್ಪಿಸುತ್ತಿದೆ ಅಂತ ನಿಮಗೇ ಕಾಣುತ್ತದೆ. ಕೊಟ್ಟ ಪ್ರತಿ ಆಜ್ಞೆಯನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಕಾಗದದ್ದೇ ಒಳ್ಳೆಯದು, ಸರ್ವರ್ ಬಿದ್ದಾಗಲೂ ಓದಬಹುದು.

ಸರ್ವರ್‌ನಲ್ಲಿಟ್ಟ ಸಿನಿಮಾ ಟಿವಿಯಲ್ಲಿ ನೋಡಲು ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರ್ ಹಾಕುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಟಿವಿಗೆ ತೆರೆಯಲು ಬರದ ವಿಡಿಯೋವನ್ನು ಸರ್ವರ್ ಬಿಡಿಸಿ ಬೇರೆ ರೂಪದಲ್ಲಿ ಕಳಿಸಬೇಕಾಗುತ್ತದೆ. ಹತ್ತು ವರ್ಷ ಹಳೆಯದು ಅಂದರೆ ನಿಮ್ಮದು ಇಂಟೆಲ್‌ನ ಐದನೇ ಅಥವಾ ಆರನೇ ತಲೆಮಾರು ಇರಬಹುದು. ಎಚ್ 265 (ವಿಡಿಯೋ ಕುಗ್ಗಿಸಿಡುವ ಒಂದು ವಿಧಾನ) ವಿಡಿಯೋವನ್ನು ಪೂರ್ತಿ ಹಾರ್ಡ್‌ವೇರ್‌ನಲ್ಲೇ ಬಿಡಿಸುವುದು ಆರನೆಯದರಿಂದ, ಅದೇ 10 ಬಿಟ್ ಆದರೆ ಏಳನೆಯದರಿಂದ. ನೋಡುವ ಟಿವಿಯೇ ಆ ವಿಡಿಯೋ ಬಿಡಿಸುವುದಾದರೆ ಸರ್ವರ್‌ಗೆ ಕೆಲಸವೇ ಇಲ್ಲ, ಆಗ ಯಾವ ಹಳೆ ಯಂತ್ರವೂ ನಡೆಯುತ್ತದೆ. ಕೇಬಲ್ ಪೋರ್ಟ್ 100 ಎಂಬಿಪಿಎಸ್ ಆಗಿದ್ದರೂ ಸಿನಿಮಾಕ್ಕೆ ಸಾಕು. ಆದರೆ ದೊಡ್ಡ ಫೈಲ್ ನಕಲು ಮಾಡುವಾಗ ಸೆಕೆಂಡಿಗೆ 11-12 ಎಂಬಿಗಿಂತ ಜಾಸ್ತಿ ಬರುವುದಿಲ್ಲ, ಗಿಗಾಬಿಟ್ ಪೋರ್ಟ್ ಇದ್ದರೆ ಅದೇ 110ರ ಹತ್ತಿರ ಹೋಗುತ್ತದೆ.

ನಿಮ್ಮ ಲ್ಯಾಪ್‌ಟಾಪ್ ಮಾಡೆಲ್ ಯಾವುದು, ರ್ಯಾಮ್ ಎಷ್ಟು, ಒಳಗಿರುವುದು ಹಾರ್ಡ್ ಡಿಸ್ಕಾ ಎಸ್‌ಎಸ್‌ಡಿಯಾ, ಕೇಬಲ್ ಹಾಕುವ ಪೋರ್ಟ್ ಇದೆಯಾ, ಇಷ್ಟು ಬರೆಯಿರಿ. ಅದರಿಂದ ಏನೇನು ಮಾಡಿಸಬಹುದು ಅಂತ ನೋಡಿ ಹೇಳುತ್ತೇನೆ.