ಕ್ಯಾಮೆರಾ ಪ್ರಶ್ನೋತ್ತರ: ಬಣ್ಣ ಸರಿ ಬರಲು ಯಾವ ಕಾರ್ಡ್ ಹಿಡಿಯಬೇಕು?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಬಣ್ಣದ ತಕರಾರುಗಳೇ. ಹಾಗಾಗಿ ಲೆನ್ಸ್ ಮತ್ತು ಟ್ರೈಪಾಡ್ ಕುರಿತ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಕಳೆದು ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ, ಅದೊಂದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಗಜೇಂದ್ರಗಡದ ನೇಕಾರರಿಂದ ಪಟ್ಟೇದಂಚು ಸೀರೆ ತಂದು ಮಾರುತ್ತೇನೆ. ಗ್ರಾಹಕರು ಬೆಂಗಳೂರು, ಪುಣೆಯವರು. ಫೋಟೊ ನೋಡಿಯೇ ಕೊಳ್ಳುತ್ತಾರೆ. ಕ್ಯಾಮೆರಾವನ್ನು ಆಟೊ ವೈಟ್ ಬ್ಯಾಲೆನ್ಸ್‌ಗೆ ಬಿಟ್ಟು ತೆಗೆದರೆ ಸಾಸಿವೆ ಬಣ್ಣ ಕಳೆಗುಂದುತ್ತದೆ. ಬಿಳಿ ಹಾಳೆ ಇಟ್ಟು ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಎಲ್ಲವೂ ಹಳದಿಯಾಗುತ್ತದೆ. ಬೂದು ಬಣ್ಣದ ಗ್ರೇ ಕಾರ್ಡ್ ಸಾಕೇ, ಬಣ್ಣದ ಚೌಕಗಳಿರುವ ಕಲರ್‌ಚೆಕರ್ ಕೊಳ್ಳಬೇಕೇ? (ಸೀರೆ ವ್ಯಾಪಾರಿ, ಗದಗ)

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ. ಚೌಕಟ್ಟಿನ ತುಂಬ ಸಾಸಿವೆ ಬಣ್ಣವೇ ಇದ್ದಾಗ, ಬಂದ ಬೆಳಕೇ ಹಳದಿ ಎಂದು ಕ್ಯಾಮೆರಾ ತಿಳಿಯುತ್ತದೆ. ಆ ಹಳದಿಯನ್ನು ತೆಗೆಯಲು ನೀಲಿಯ ಕಡೆಗೆ ಎಳೆಯುತ್ತದೆ. ಸೀರೆಯ ಬಣ್ಣ ಯಾವುದು, ಬೆಳಕಿನ ಬಣ್ಣ ಯಾವುದು ಎಂದು ಬಿಡಿಸಿ ನೋಡುವ ದಾರಿ ಅದಕ್ಕಿಲ್ಲ. ಅದಕ್ಕಾಗಿಯೇ ತನ್ನದೇ ಬಣ್ಣವಿಲ್ಲದ ವಸ್ತುವೊಂದನ್ನು ಅದರ ಮುಂದೆ ಹಿಡಿಯಬೇಕು.

ಬಿಳಿ ಹಾಳೆ ಅಂಥ ವಸ್ತು ಅಲ್ಲ. ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕ ಖೋಟಾ ನೋಟು ನೋಡುವ ನೇರಳೆ ದೀಪ ಇದ್ದರೆ, ಅಂಗಡಿಯ ದೀಪ ಆರಿಸಿ ಅದರ ಕೆಳಗೆ ಒಂದು ಎ4 ಹಾಳೆ ಇಡಿ. ಹಾಳೆ ನೀಲಿಯಾಗಿ ಉರಿದಂತೆ ಹೊಳೆಯುತ್ತದೆ. ಪಕ್ಕದಲ್ಲೇ ಅಸಲಿ ನೋಟು ಇಡಿ. ಅಂಕಿ, ದಾರಗಳು ಹೊಳೆದರೂ ಅದರ ಕಾಗದ ಮಂಕಾಗಿಯೇ ಇರುತ್ತದೆ. ಹಾಳೆ ಹೆಚ್ಚು ಬೆಳ್ಳಗೆ ಕಾಣಲೆಂದು ಕಾರ್ಖಾನೆಯಲ್ಲಿ ಬೆರೆಸುವ ರಾಸಾಯನಿಕದ ಕೆಲಸ ಇದು. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ಅದು ನೀಲಿ ಬೆಳಕನ್ನು ಹೊರಬಿಡುತ್ತದೆ. ಕಿಟಕಿಯ ಹಗಲು ಬೆಳಕಿನಲ್ಲಿ ಅತಿನೇರಳೆ ಇರುವುದರಿಂದ ಹಾಳೆ ಅಲ್ಲಿಯೂ ತುಸು ನೀಲಿ. ಬೆಳಕೇ ನೀಲಿ ಎಂದುಕೊಂಡ ಕ್ಯಾಮೆರಾ ಹಳದಿ ಬೆರೆಸುತ್ತದೆ. ನಿಮ್ಮ ಸೀರೆ ಹಳದಿಯಾದದ್ದು ಹೀಗೆ. ಸಾಧಾರಣ ಎಲ್‌ಇಡಿ ಬಲ್ಬಿನಡಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ಅದೇ ಹಾಳೆ ಬೇರೆ ಫಲ ಕೊಡುತ್ತದೆ. ಅಂದರೆ ಹಾಳೆಯ ತಪ್ಪು ಪ್ರತಿ ಬಾರಿ ಒಂದೇ ಅಳತೆಯದೂ ಅಲ್ಲ, ಲೆಕ್ಕ ಹಾಕಿ ಕಳೆಯಲು ಬರುವುದಿಲ್ಲ. ಸೋಪಿನ ಪುಡಿ ಹಾಕಿ ಒಗೆದ ಬಿಳಿ ಧೋತರ, ಟವೆಲ್ ಕೂಡ ಇದೇ ಜಾತಿಯವು.

ಕೊಳ್ಳುವ ಮೊದಲು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬನ್ನಿ. ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಕೇಳಿ. ಅದಕ್ಕೆ ಬಿಳುಪಿನ ರಾಸಾಯನಿಕ ಬೆರೆಸುವುದಿಲ್ಲ. ಬೆಳಕಿನ ಎಲ್ಲ ಬಣ್ಣಗಳನ್ನೂ ಅದು ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುತ್ತದೆ. ಬೆಳಕು ಅಳೆಯುವ ಪ್ರಯೋಗಾಲಯಗಳ ಪ್ರಮಾಣ ಫಲಕಗಳು ತಯಾರಾಗುವುದೂ ಇದೇ ಬಗೆಯ ವಸ್ತುವಿನಿಂದ. ಅಂಗೈಯಗಲದ ರಟ್ಟಿಗೆ ಟೇಪನ್ನು ಪಕ್ಕಪಕ್ಕಕ್ಕೆ ಸುತ್ತುತ್ತಾ ಹೋಗಿ. ತೆಳುವಾಗಿದ್ದರೆ ರಟ್ಟಿನ ಕಂದು ಇಣುಕುತ್ತದೆ, ಹಾಗಾಗಿ ಹತ್ತಾರು ಪದರ ಬೇಕು. ಬೆಳಕಿಗೆ ಹಿಡಿದು ನೋಡಿದಾಗ ರಟ್ಟಿನ ಸುಳಿವೇ ಸಿಗಬಾರದು. ಇದರಿಂದ ಬರುವ ವೈಟ್ ಬ್ಯಾಲೆನ್ಸ್ ಎಷ್ಟೋ ಅಚ್ಚು ಕಾರ್ಡ್‌ಗಳಿಗಿಂತ ನಂಬಿಕೆಗೆ ಅರ್ಹ ಎಂದು ಧೈರ್ಯವಾಗಿ ಹೇಳುತ್ತೇನೆ.

ಗ್ರೇ ಕಾರ್ಡ್ ಕೊಳ್ಳುವುದಾದರೆ ಒಂದು ಎಚ್ಚರ. ಹಳೆಯ ಶೇಕಡಾ 18ರ ಗ್ರೇ ಕಾರ್ಡ್ ಹುಟ್ಟಿದ್ದು ಎಕ್ಸ್‌ಪೋಷರ್ ಅಳೆಯಲು, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬೇಕೆಂದು ತಿಳಿಯಲು. ಅದು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದಷ್ಟೇ ಅಲ್ಲಿ ಮುಖ್ಯ. ವೈಟ್ ಬ್ಯಾಲೆನ್ಸ್‌ಗೆ ಬೇಕಾದದ್ದು ಕೆಂಪು, ಹಸಿರು, ನೀಲಿ ಮೂರನ್ನೂ ಸಮನಾಗಿ ಹಿಂದಿರುಗಿಸುವ ಗುಣ. ಅದು ತಿಳಿ ಬೂದು ಇದ್ದರೂ ನಡೆಯುತ್ತದೆ, ಗಾಢ ಬೂದು ಇದ್ದರೂ ನಡೆಯುತ್ತದೆ. ಕೆಲವು ಅಗ್ಗದ ಕಾರ್ಡ್‌ಗಳ ಶಾಯಿ ಹಗಲಿನಲ್ಲಿ ಬೂದು, ಹಳದಿ ಬಲ್ಬಿನಡಿ ಕೆಂಪು. ಪ್ಯಾಕೆಟ್ ಮೇಲೆ ಬರೀ '18%' ಎಂದಿದ್ದರೆ ಬಿಟ್ಟುಬಿಡಿ. ಮೇಲ್ಮೈ ಮಿಂಚುವಂತಿದ್ದರೂ ಬೇಡ.

ಕಾರ್ಡ್ ಇಡುವ ರೀತಿ ಕಾರ್ಡಿನಷ್ಟೇ ಮುಖ್ಯ. ಅದು ಸೀರೆಯ ಮಡಿಕೆಯ ಮೇಲೆಯೇ ಇರಬೇಕು, ಸೀರೆ ಯಾವ ಕಡೆ ಮುಖ ಮಾಡಿದೆಯೋ ಅದೇ ಕಡೆಗೆ. ನಮ್ಮ ಕಡೆಯ ಅಂಗಡಿಗಳಲ್ಲಿ ಪಿಸ್ತಾ ಹಸಿರು ಗೋಡೆ ಹೆಚ್ಚು. ಕಾರ್ಡನ್ನು ಕಿಟಕಿಯ ಕಡೆಗೆ ಹಿಡಿದಾಗ ಬರುವ ಅಂಕಿ ಒಂದು, ಗೋಡೆಯ ಕಡೆಗೆ ತುಸು ಹೊರಳಿಸಿದರೆ ಬರುವುದು ಇನ್ನೊಂದು. ಗಾಢ ಬಣ್ಣದ ಅಂಗಿ ತೊಟ್ಟು ಹತ್ತಿರ ಬಾಗಿದರೆ ಅಂಗಿಯ ಬಣ್ಣವೂ ಕಾರ್ಡಿಗೆ ಬಡಿಯುತ್ತದೆ. ಬೂದು ಅಥವಾ ಕಪ್ಪು ಅಂಗಿ ತೊಡಿ, ಮೇಲಿನ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕೊಂದೇ ಇರಲಿ.

ಇನ್ನು ಕಲರ್‌ಚೆಕರ್. 1976ರಲ್ಲಿ ಬಂದ ಈ 24 ಚೌಕಗಳ ಫಲಕ ಮಾಡುವ ಕೆಲಸವೇ ಬೇರೆ. ಗ್ರೇ ಕಾರ್ಡ್ ಬೆಳಕಿನ ಬಣ್ಣವನ್ನು ಕಳೆಯುತ್ತದೆ, ಅಷ್ಟೇ. ಅದಾದ ಮೇಲೂ ಒಂದು ಕ್ಯಾಮೆರಾ ಕೇಸರಿಯನ್ನು ಕೆಂಪಿನ ಕಡೆಗೆ, ಇನ್ನೊಂದು ಹಳದಿಯ ಕಡೆಗೆ ವಾಲಿಸುತ್ತದೆ. ಆ ವಾಲಿಕೆಯನ್ನು ಅಳೆದು ತಿದ್ದಲು ಬಣ್ಣದ ಚೌಕಗಳು ಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ಹೊಲಿಯುವ ರಾಷ್ಟ್ರಧ್ವಜವನ್ನೇ ನೋಡಿ. 2006ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದ ಘಟಕ ಅದು. ಕೇಸರಿ ಎಂಥದ್ದು, ಹಸಿರು ಎಂಥದ್ದು ಎಂದು ಮಾನಕದಲ್ಲೇ ಗೊತ್ತುಮಾಡಿದೆ. ಅಂಥ ಬಟ್ಟೆಯ ದಾಖಲೆ ಚಿತ್ರ ತೆಗೆಯುವವರಿಗೆ ಕಲರ್‌ಚೆಕರ್ ಬೇಕೇ ಬೇಕು. ನೀವು ಟೇಪಿನ ರಟ್ಟಿನಿಂದಲೋ ಒಳ್ಳೆಯ ಗ್ರೇ ಕಾರ್ಡಿನಿಂದಲೋ ಶುರು ಮಾಡಿ. ಸಾಸಿವೆ ಆಗಲೂ ಹೊಂದದೆ ಹೋದರೆ ಮುಂದಿನ ಖರ್ಚಿಗೆ ಕೈ ಹಾಕಿ. ಗ್ರಾಹಕರು ವಾಪಸ್ ಕಳುಹಿಸಿದ ಸೀರೆಯ ಹೊರೆ ಕೊನೆಗೆ ಬೀಳುವುದು ನೇಕಾರನ ತಲೆಯ ಮೇಲೆ. ಈ ವಿಷಯಕ್ಕೆ ನಾನು ಇಷ್ಟು ಜಾಗ ಕೊಡಲು ಅದೇ ಕಾರಣ.

ಪ್ರಶ್ನೆ: ಮದುವೆ ಫೋಟೊ ತೆಗೆಯುತ್ತೇನೆ. ಮಂಗಲ ಕಾರ್ಯಾಲಯದಲ್ಲಿ ಕಾರ್ಡ್ ಹಿಡಿಯಲು ಸಮಯವೇ ಸಿಗುವುದಿಲ್ಲ. ಲೆನ್ಸಿನ ಮುಂದೆ ಹಾಕುವ ಎಕ್ಸ್‌ಪೋಡಿಸ್ಕ್ ಕೊಂಡರೆ ಅನುಕೂಲವೇ? (ಛಾಯಾಗ್ರಾಹಕ, ಹಾವೇರಿ)

ಉತ್ತರ: ಅನುಕೂಲ ಹೌದು, ಆದರೆ ಬಳಸುವ ಕ್ರಮ ತಿಳಿದಿರಬೇಕು. ಕಾರ್ಡ್ ತನ್ನ ಮೇಲೆ ಬಿದ್ದು ಹಿಂದಿರುಗಿದ ಬೆಳಕನ್ನು ತೋರಿಸುತ್ತದೆ. ಎಕ್ಸ್‌ಪೋಡಿಸ್ಕ್ ಲೆನ್ಸಿನ ಮೇಲೆ ನೇರವಾಗಿ ಬಿದ್ದ ಬೆಳಕನ್ನೇ ಬೆರೆಸಿ ಒಳಗೆ ಬಿಡುತ್ತದೆ. ಆದ್ದರಿಂದ ವೇದಿಕೆಯ ಕೆಳಗೆ ನಿಂತು ವಧೂವರರ ಕಡೆಗೆ ಹಿಡಿದರೆ ಪ್ರಯೋಜನವಿಲ್ಲ. ಜನ ಸೇರುವ ಮೊದಲೇ ವೇದಿಕೆ ಹತ್ತಿ, ವಧು ನಿಲ್ಲುವ ಜಾಗದಲ್ಲಿ ನಿಂತು, ಅವಳ ಮುಖಕ್ಕೆ ಬೆಳಕು ಬರುವ ದಿಕ್ಕಿಗೆ ಕ್ಯಾಮೆರಾ ತಿರುಗಿಸಿ ಅಳೆಯಿರಿ. ಆ ಅಳತೆಯನ್ನು ಕ್ಯಾಮೆರಾದ ಕಸ್ಟಮ್ ವೈಟ್ ಬ್ಯಾಲೆನ್ಸ್‌ನಲ್ಲಿ ಉಳಿಸಿಕೊಂಡು ಇಡೀ ಕಾರ್ಯಕ್ರಮ ಅದರಲ್ಲೇ ತೆಗೆಯಿರಿ, ಬಣ್ಣವನ್ನು ಆಮೇಲೂ ತಿದ್ದಲು ಬರುವ ರಾ ಫೈಲ್‌ನಲ್ಲಿ.

ಅರಿಶಿನದ ಶಾಸ್ತ್ರದಲ್ಲಂತೂ ಆಟೊ ಬಿಡಲೇಬೇಕು. ಮುಖ, ಕೈ, ಸೀರೆ ಎಲ್ಲ ಹಳದಿ ಇರುವಾಗ ಕ್ಯಾಮೆರಾ ಹಳದಿಯನ್ನು ತೊಳೆದುಹಾಕಿ ಮದುಮಗಳ ಮುಖವನ್ನು ಬೂದಿ ಬಳಿದಂತೆ ಮಾಡುತ್ತದೆ. ಆ ಮನೆಯವರು ವರ್ಷಗಟ್ಟಲೆ ಇಟ್ಟುಕೊಂಡು ನೋಡುವ ಚಿತ್ರ ಅದು.

ನಿಜವಾದ ಕಷ್ಟ ಬೆರಕೆ ಬೆಳಕಿನದು. ಮೇಲೆ 3000 ಕೆಲ್ವಿನ್‌ನ ಹಳದಿ ದೀಪ, ನಿಮ್ಮ ಕೈಯಲ್ಲಿ 5500ರ ಆಸುಪಾಸಿನ ಫ್ಲ್ಯಾಶ್. ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬೆಳಕು ನೀಲಿ. ಯಾವ ಸಾಧನ ಹಿಡಿದರೂ ಒಂದಕ್ಕೆ ಹೊಂದಿಸಿದಾಗ ಇನ್ನೊಂದು ಕೆಡುತ್ತದೆ. ಇಲ್ಲಿ ಬೇಕಾದದ್ದು ಎಕ್ಸ್‌ಪೋಡಿಸ್ಕ್‌ಗಿಂತ ಬಲು ಅಗ್ಗದ ಕಿತ್ತಳೆ ಜೆಲ್ ಹಾಳೆ. ಸಿಟಿಒ ಎಂದು ಕೇಳಿದರೆ ಕೊಡುತ್ತಾರೆ. ಅದನ್ನು ಫ್ಲ್ಯಾಶಿನ ಮುಂದೆ ಅಂಟಿಸಿದರೆ ಅದರ ಬೆಳಕು ಸುಮಾರು 3200ಕ್ಕೆ ಇಳಿದು ದೀಪಗಳ ಜೊತೆ ಕೂಡಿಕೊಳ್ಳುತ್ತದೆ. ಅಳೆಯುವುದು ಆಮೇಲೆ.

ಅಲಂಕಾರದವರು ಹಾಕುವ ನೇರಳೆ, ನೀಲಿ ಎಲ್‌ಇಡಿಗೆ ಮದ್ದಿಲ್ಲ. ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ವೈಟ್ ಬ್ಯಾಲೆನ್ಸ್ ಹುಟ್ಟಿಸಲಾರದು. ಬರೀ ನೀಲಿ ದೀಪದಡಿ ಕೆಂಪು ಸೀರೆ ಕಪ್ಪಾಗಿಯೇ ಬರುತ್ತದೆ. ಅಕ್ಷತೆ ಬೀಳುವ ಹೊತ್ತಿಗೆ ಅವುಗಳನ್ನು ಆರಿಸಲು ಹುಡುಗಿಯ ತಂದೆಯ ಕಡೆಯಿಂದಲೇ ಮೊದಲು ಹೇಳಿಸಿಡಿ. ನೀವು ಹೇಳಿದರೆ ಕೇಳದವರು ಅವರು ಹೇಳಿದರೆ ಕೇಳುತ್ತಾರೆ.

ಪ್ರಶ್ನೆ: ಲಕ್ಕುಂಡಿಯ ಗುಡಿಗಳ ಶಿಲ್ಪಗಳನ್ನು ಪ್ರಬಂಧಕ್ಕಾಗಿ ಚಿತ್ರೀಕರಿಸುತ್ತಿದ್ದೇನೆ. ಕೆಲವು ಚಿತ್ರಗಳಲ್ಲಿ ಕಲ್ಲು ಹಸಿರು, ಕೆಲವದರಲ್ಲಿ ನೀಲಿ. ಯಾವುದು ನಿಜ? (ಇತಿಹಾಸ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ತೆಳು ಹಸಿರು ನಿಜ, ನೀಲಿ ಆಕಾಶದ್ದು. ಬಾದಾಮಿಯ ಕಡೆಯ ಮರಳುಗಲ್ಲನ್ನು ಬಿಟ್ಟು ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಹಿಡಿದದ್ದು ಬಳಪದ ಕಲ್ಲನ್ನು. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗಳೆಲ್ಲ ಅದರಲ್ಲೇ ಕಟ್ಟಿದವು. ಕ್ಲೋರೈಟ್ ಖನಿಜ ಇರುವುದರಿಂದ ಆ ಕಲ್ಲಿಗೆ ಹಸಿರು ಛಾಯೆ ಸಹಜ. ಗುಡಿಯ ನೆರಳಿನ ಮಗ್ಗುಲಿಗೆ ಬಿಸಿಲು ತಾಗದೆ ನೀಲಿ ಆಕಾಶದ ಬೆಳಕೊಂದೇ ಬಿದ್ದಾಗ ಅದು 7000, 8000 ಕೆಲ್ವಿನ್‌ಗೆ ಏರುತ್ತದೆ. ಮಂಟಪದ ಒಳಗೆ ಅಂಗಳದ ಮಣ್ಣಿಗೆ ಬಡಿದ ಬಿಸಿಲು ಬೆಚ್ಚನೆಯ ಬಣ್ಣ ತರುತ್ತದೆ. ಹೀಗಾಗಿ ಗುಡಿಗೊಂದು ಕಾರ್ಡಿನ ಚಿತ್ರ ಸಾಲದು. ಪ್ರತಿ ಮಗ್ಗುಲಿಗೂ, ಒಳಗೂ ಹೊರಗೂ ಬೇರೆ ಬೇರೆ ಬೇಕು. ಅಳತೆಪಟ್ಟಿಯ ಪಕ್ಕ ಚಿಕ್ಕ ಗ್ರೇ ಕಾರ್ಡ್ ಇಟ್ಟು ಮೊದಲ ಚಿತ್ರ, ತೆಗೆದು ಎರಡನೆಯದು. ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಎಂಬ ಉಚಿತ ತಂತ್ರಾಂಶದಲ್ಲಿ ವೈಟ್ ಬ್ಯಾಲೆನ್ಸ್ ಆರಿಸುವ ಸಾಧನದಿಂದ ಕಾರ್ಡಿನ ಮೇಲೆ ಒಂದು ಕ್ಲಿಕ್ ಮಾಡಿ, ಆ ಮಗ್ಗುಲಿನ ಎಲ್ಲ ಚಿತ್ರಗಳಿಗೂ ಅದೇ ಅಂಕಿ ಹಾಕಿ. ಕಲ್ಲನ್ನೇ ಬೂದು ಎಂದುಕೊಂಡು ಅದರ ಮೇಲೆ ಕ್ಲಿಕ್ ಮಾಡಬೇಡಿ, ಆ ಚೆಂದದ ಹಸಿರೇ ಅಳಿದುಹೋಗುತ್ತದೆ.

ಪ್ರಶ್ನೆ: ಡಬ್ಬಿ ಮೆಣಸಿನಕಾಯಿಯ ಫೋಟೊ ಮೊಬೈಲಿನಲ್ಲಿ ತೆಗೆದು ಖರೀದಿದಾರರಿಗೆ ಕಳುಹಿಸುತ್ತೇನೆ. ಕೆಂಪು ಸರಿ ಬರುವುದಿಲ್ಲ. (ರೈತ, ಬ್ಯಾಡಗಿ)

ಉತ್ತರ: ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ, ಆದ್ದರಿಂದ ನಿಮ್ಮ ಚಿಂತೆ ನ್ಯಾಯವಾದದ್ದು. ಮೊದಲು ನೀಲಿ ತಾಡಪಾಲಿನ ನೆರಳಿನಿಂದ ಹೊರಗೆ ಬನ್ನಿ. ಅದರಡಿ ಯಾವ ಕಾರ್ಡೂ ಪೂರ್ತಿ ಕೈ ಹಿಡಿಯುವುದಿಲ್ಲ. ತೆರೆದ ಜಾಗದ ನೆರಳಿನಲ್ಲಿ, ರಾಶಿಯ ಅಂಚಿಗೆ ಮೇಲೆ ಹೇಳಿದ ಟೇಪಿನ ರಟ್ಟು ಇಟ್ಟು ತೆಗೆಯಿರಿ. ಸ್ನ್ಯಾಪ್‌ಸೀಡ್ ಆ್ಯಪ್‌ನ ವೈಟ್ ಬ್ಯಾಲೆನ್ಸ್ ವಿಭಾಗದಲ್ಲಿ ಬಣ್ಣ ಹೀರುವ ಕೊಳವೆಯ ಗುರುತನ್ನು ರಟ್ಟಿನ ಮೇಲೆ ಒತ್ತಿದರಾಯಿತು. ಇನ್ನೂ ಮೆಣಸಿನಕಾಯಿಯ ಮಡಿಕೆಗಳು ಕಾಣದೆ ಬರೀ ಕೆಂಪು ಬಳಿದಂತಿದ್ದರೆ ದೋಷ ವೈಟ್ ಬ್ಯಾಲೆನ್ಸ್‌ನದಲ್ಲ, ಬೆಳಕು ಹೆಚ್ಚಾಗಿದೆ. ಪರದೆಯ ಮೇಲೆ ಬೆರಳಿಟ್ಟು ಹೊಳಪು ತಗ್ಗಿಸಿ ಮತ್ತೆ ತೆಗೆಯಿರಿ.

ಪ್ರಶ್ನೆ: ಉಣಕಲ್ ಕೆರೆಯ ಸೂರ್ಯಾಸ್ತಕ್ಕೆ ಗ್ರೇ ಕಾರ್ಡ್ ಬಳಸಬಹುದೇ? (ಓದುಗ, ಹುಬ್ಬಳ್ಳಿ)

ಉತ್ತರ: ಬೇಡ. ನೀವು ಹೋಗಿರುವುದೇ ಆ ಬೆಳಕಿನ ಬಣ್ಣಕ್ಕಾಗಿ, ಕಾರ್ಡ್ ಅದನ್ನೇ ಕಳೆದುಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ, ಅಂದರೆ ಹಗಲು ಬೆಳಕಿಗೆ ಇಟ್ಟು ತೆಗೆಯಿರಿ.

ಪ್ರಶ್ನೆ: ಗ್ರೇ ಕಾರ್ಡ್ ಎಷ್ಟು ಕಾಲ ಬಾಳುತ್ತದೆ? (ಸ್ಟುಡಿಯೊ ಸಹಾಯಕ, ರಾಣೆಬೆನ್ನೂರು)

ಉತ್ತರ: ಅದು ನಿಮ್ಮ ಕೈಯಲ್ಲಿದೆ. ಅಚ್ಚು ಹಾಕಿದ ಕಾಗದದ ಕಾರ್ಡ್ ಬಿಸಿಲಿಗೆ ಬಣ್ಣ ಬಿಡುತ್ತದೆ, ಬೆರಳಿನ ಜಿಡ್ಡು ಹತ್ತಿದ ಕಡೆ ಹಳದಿಯಾಗುತ್ತದೆ. ಇಡೀ ಮೈ ಒಂದೇ ಬಣ್ಣದ ಪ್ಲಾಸ್ಟಿಕ್ ಕಾರ್ಡಾದರೆ ಒರೆಸಿ, ತೊಳೆದು ಬಳಸಬಹುದು. ಹೊಸದಾಗಿ ಎರಡು ಕೊಂಡು ಒಂದನ್ನು ಕಪ್ಪು ಕವರಿನಲ್ಲಿ ಬೀರುವಿನೊಳಗೆ ಇಡಿ. ಆಗಾಗ ಎರಡನ್ನೂ ಒಂದೇ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೆ ಕ್ಲಿಕ್ ಮಾಡಿ. ಇನ್ನೊಂದಕ್ಕೆ ಬಣ್ಣ ಬಂದರೆ ಬಳಸುತ್ತಿದ್ದ ಕಾರ್ಡನ್ನು ಬದಲಿಸಿ.